ಸಾಲಿಡ್‌ವರ್ಕ್ಸ್‌ನಲ್ಲಿ ಫೈಲಿನ ಹೆಸರು ಬದಲಿಸುವ ಕೆಲಸ: ಪೀಣ್ಯದಿಂದ ಒಂದು ವಿಮರ್ಶೆ

ಸಾಲಿಡ್‌ವರ್ಕ್ಸ್ ಅಂದರೆ ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ 3ಡಿಯಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರ್. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸರ್ಫೇಸ್, ಸಿಮ್ಯುಲೇಷನ್, ರೆಂಡರಿಂಗ್ ಬಗ್ಗೆ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಫೈಲಿಗೆ ಹೆಸರಿಡುವುದು ಮತ್ತು ಇಟ್ಟ ಹೆಸರನ್ನು ಬದಲಿಸುವುದು, ಇವೆರಡರ ಬಗ್ಗೆ ಮಾತ್ರ. ಪೀಣ್ಯದ ಒಂದು ಸಣ್ಣ ಟೂಲ್ ರೂಮಿನಲ್ಲಿ ಜಿಗ್, ಫಿಕ್ಸ್ಚರ್ (ಮೆಷಿನ್ನಿನಲ್ಲಿ ಕೆಲಸ ಮಾಡುವಾಗ ವಸ್ತುವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ) ಡಿಸೈನ್ ಮಾಡುವವಳು ನಾನು. ನಮ್ಮಲ್ಲಿ ಹೊಸ ಜಾಬ್ ಅಂದರೆ ಮುಕ್ಕಾಲು ಪಾಲು ಹಳೆಯ ಜಾಬೇ. ಹಳೆಯ ಫಿಕ್ಸ್ಚರ್ ತೆಗೆದುಕೊಂಡು, ಎರಡು ಪ್ಲೇಟ್ ದೊಡ್ಡದು ಮಾಡಿ, ಕ್ಲ್ಯಾಂಪಿನ ಜಾಗ ಸರಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಅಷ್ಟೂ ಫೈಲುಗಳಿಗೆ ಹೊಸ ಹೆಸರು ಕೊಡುವುದು. ಇದು ಗುಮಾಸ್ತಿಕೆ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಇದು ಡಿಸೈನಿನದೇ ಭಾಗ.

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಸಾಲಿಡ್‌ವರ್ಕ್ಸ್ ಕೊಟ್ಟಿರುವ ಸೌಲಭ್ಯ ನಿಜವಾಗಿಯೂ ಚೆನ್ನಾಗಿದೆ. ಆದರೆ ಅದು ನಾಲ್ಕು ಕಡೆ ಹಂಚಿಹೋಗಿದೆ. ಯಾವುದು ಎಲ್ಲಿಗೆ ಅಂತ ಯಾರಾದರೂ ಕೂರಿಸಿಕೊಂಡು ಹೇಳಿಕೊಡದಿದ್ದರೆ ಹೊಸಬರು ನೇರವಾಗಿ ವಿಂಡೋಸ್ ಫೋಲ್ಡರಿಗೆ ಹೋಗಿ ಎಫ್2 ಒತ್ತುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಯಾಕೆ ಅಂತ ಹೇಳುತ್ತೇನೆ. ಪಾರ್ಟ್ ಅಂದರೆ ಒಂದು ಬಿಡಿಭಾಗದ ಫೈಲ್, ಅಸೆಂಬ್ಲಿ ಅಂದರೆ ಬಿಡಿಭಾಗಗಳನ್ನು ಜೋಡಿಸಿದ ಫೈಲ್. ಅಸೆಂಬ್ಲಿ ಫೈಲಿನೊಳಗೆ ಪಾರ್ಟ್ ಕೂತಿರುವುದಿಲ್ಲ. ಯಾವ ಫೋಲ್ಡರಿನಲ್ಲಿ ಯಾವ ಹೆಸರಿನ ಫೈಲ್ ಅಂತ ಒಂದು ವಿಳಾಸ ಬರೆದುಕೊಂಡಿರುತ್ತದೆ, ಅಷ್ಟೇ. ಡ್ರಾಯಿಂಗ್ ಕೂಡ ಹಾಗೆಯೇ. ಪಾರ್ಟಿನ ಹೆಸರನ್ನು ವಿಂಡೋಸಿನಲ್ಲಿ ಬದಲಿಸಿದರೆ ಅಸೆಂಬ್ಲಿಗೂ ಡ್ರಾಯಿಂಗಿಗೂ ಆ ಸುದ್ದಿ ಮುಟ್ಟುವುದೇ ಇಲ್ಲ. ಮುಂದಿನ ಸಲ ತೆರೆದಾಗ ಫೈಲ್ ಸಿಗುತ್ತಿಲ್ಲ, ನೀವೇ ಹುಡುಕಿಕೊಡುತ್ತೀರಾ ಅಂತ ಕೇಳುತ್ತದೆ. ಒಂದು ಪಾರ್ಟಿಗಾದರೆ ಸರಿ. ನಲವತ್ತು ಪಾರ್ಟಿನ ಫಿಕ್ಸ್ಚರಿನಲ್ಲಿ ಹಾಗಾದರೆ ಒಂದು ಬೆಳಗ್ಗೆ ಪೂರ್ತಿ ಹೋಯಿತು.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಒಂದೇ ಹೆಸರಿನ ಎರಡು ಫೈಲುಗಳನ್ನು ಸಾಲಿಡ್‌ವರ್ಕ್ಸ್ ಒಟ್ಟಿಗೆ ತೆರೆದಿಟ್ಟುಕೊಳ್ಳುವುದಿಲ್ಲ. ಬೇರೆ ಬೇರೆ ಫೋಲ್ಡರಿನಲ್ಲಿದ್ದರೂ ಅಷ್ಟೇ. ಅಸೆಂಬ್ಲಿ ತನ್ನ ಪಾರ್ಟುಗಳನ್ನು ಹುಡುಕುವಾಗ ಈಗಾಗಲೇ ಮೆಮರಿಯಲ್ಲಿ ತೆರೆದಿರುವ ಫೈಲುಗಳನ್ನೇ ಮೊದಲು ನೋಡುತ್ತದೆ. ಎರಡು ಜಾಬಿನಲ್ಲೂ ‘ಬೇಸ್ ಪ್ಲೇಟ್’ ಅಂತ ಸುಮ್ನೆ ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ಮೊದಲ ಜಾಬಿನ ಪ್ಲೇಟ್ ತೆರೆದಿರುವಾಗ ಎರಡನೇ ಜಾಬಿನ ಅಸೆಂಬ್ಲಿ ತೆರೆದರೆ ಎಚ್ಚರಿಕೆ ಬರುತ್ತದೆ. ಅದನ್ನು ಓದದೆ ಓಕೆ ಒತ್ತಿದರೆ ಪಕ್ಕದ ಜಾಬಿನ ಪ್ಲೇಟ್ ಇಲ್ಲಿ ಬಂದು ಕೂರಬಹುದು, ಮೇಟುಗಳೆಲ್ಲ (ಪಾರ್ಟುಗಳನ್ನು ಒಂದಕ್ಕೊಂದು ಹೊಂದಿಸುವ ಸಂಬಂಧಗಳು) ತಪ್ಪಿ ಕೆಂಪಾಗಬಹುದು. ಗಿರಾಕಿ ಕಳಿಸುವ ಸ್ಟೆಪ್ ಫೈಲುಗಳಲ್ಲೂ (ಬೇರೆ ಬೇರೆ ಡಿಸೈನ್ ಸಾಫ್ಟ್‌ವೇರುಗಳ ನಡುವೆ ಕೊಟ್ಟು ತೆಗೆದುಕೊಳ್ಳುವ 3ಡಿ ಫೈಲು) ಇದೇ ಪಾಡು. ‘ಬಾಡಿ’, ‘ಕವರ್’, ‘ಎಂ8 ಬೋಲ್ಟ್’ ಅಂತ ಎಲ್ಲರೂ ಇಡುವ ಹೆಸರುಗಳೇ ಅದರಲ್ಲಿರುತ್ತವೆ. ಹಾಗಾಗಿ ಸ್ಟೆಪ್ ತೆರೆದ ತಕ್ಷಣ, ಒಂದು ಮೇಟ್ ಹಾಕುವ ಮೊದಲೇ, ನಮ್ಮ ನಂಬರ್ ಕೊಟ್ಟು ಸೇವ್ ಮಾಡಬೇಕು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು.

ಸಾಫ್ಟ್‌ವೇರಿನ ಈ ಗುಣ ಗೊತ್ತಾದ ಮೇಲೆ ಹೆಸರಿಡುವ ಪದ್ಧತಿ ತಾನಾಗಿಯೇ ಒಂದು ದಾರಿಗೆ ಬರುತ್ತದೆ. ಇಡೀ ಶಾಪಿನಲ್ಲಿ ಒಂದು ಹೆಸರು ಒಂದೇ ಸಲ ಬರಬೇಕು. ನಮ್ಮದು ಹೀಗಿದೆ: ಎಫ್ ಅಕ್ಷರ, ಜಾಬ್ ನಂಬರಿನ ಮೂರು ಅಂಕಿ, ಒಂದು ಅಡ್ಡಗೆರೆ, ಪಾರ್ಟಿನ ಎರಡು ಅಂಕಿ. ಎಫ್458-07 ಅಂದರೆ 458ನೇ ಜಾಬಿನ ಏಳನೇ ಪಾರ್ಟ್. ಏಳು ಅಂತ ಬರೆಯುವುದಿಲ್ಲ, ಸೊನ್ನೆ ಏಳು. ಸೊನ್ನೆ ಇಲ್ಲದಿದ್ದರೆ ಕೆಲವು ಕಡೆ 1 ಆದ ಮೇಲೆ 10 ಬಂದು, ಆಮೇಲೆ 2 ಬರುತ್ತದೆ. ಪಟ್ಟಿ ನೋಡಿ ಕೆಲಸ ಮಾಡುವವರಿಗೆ ಅದು ದೊಡ್ಡ ಹಿಂಸೆ.

ಎರಡೇ ಅಂಕಿ ಯಾಕೆ ಅಂದರೆ ಮೆಷಿನ್ನಿನ ಕಾರಣಕ್ಕೆ. ನಮ್ಮ ಶಾಪಿನಲ್ಲಿರುವ ವಿಎಂಸಿಗಳದ್ದು (ಪ್ರೋಗ್ರಾಮ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್ನುಗಳು) ಫ್ಯಾನುಕ್ ಕಂಪನಿಯ ಕಂಟ್ರೋಲ್. ಅದರಲ್ಲಿ ಪ್ರೋಗ್ರಾಮಿನ ಹೆಸರು ‘ಓ’ ಅಕ್ಷರದ ಮುಂದೆ ನಾಲ್ಕು ಅಂಕಿ. ಜಾಬ್ ನಂಬರಿನ ಕೊನೆಯ ಎರಡು ಅಂಕಿ, ಪಾರ್ಟಿನ ಎರಡು ಅಂಕಿ ಸೇರಿಸಿದರೆ ಪ್ರೋಗ್ರಾಮ್ ನಂಬರ್ ಸಿಕ್ಕಿತು. ಎಫ್458-07ಕ್ಕೆ ಓ5807. ಆಪರೇಟರ್ ಡ್ರಾಯಿಂಗಿನ ಮೂಲೆ ನೋಡಿ ಪ್ರೋಗ್ರಾಮ್ ಕರೆಯುತ್ತಾನೆ, ಯಾರನ್ನೂ ಕೇಳಬೇಕಿಲ್ಲ. 9000ದಿಂದ ಮೇಲಿನ ನಂಬರುಗಳು ಸಾಮಾನ್ಯವಾಗಿ ಮೆಷಿನ್ ತಯಾರಕರ ಮ್ಯಾಕ್ರೋಗಳಿಗೆ ಮೀಸಲು. ಅದಕ್ಕೇ ಕೊನೆಯಲ್ಲಿ 90ರಿಂದ 99 ಬರುವ ಜಾಬ್ ನಂಬರುಗಳನ್ನು ನಾವು ಬಳಸುವುದೇ ಇಲ್ಲ. 489 ಆದ ಮೇಲೆ ನೇರವಾಗಿ 500. ಕಂಪ್ಯೂಟರಿನ ಫೈಲಿನಿಂದ ಮೆಷಿನ್ನಿನ ಪರದೆವರೆಗೆ ಒಂದೇ ನಂಬರ್ ಹರಿದು ಬರುವುದನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಫೈಲಿನ ಹೆಸರಿನಲ್ಲಿ ವಿವರಣೆ ಬೇಡ, ಮೆಟೀರಿಯಲ್ ಬೇಡ, ಅಳತೆ ಬೇಡ. ಅವೆಲ್ಲ ಕಸ್ಟಮ್ ಪ್ರಾಪರ್ಟಿಗೆ, ಅಂದರೆ ಫೈಲಿನೊಳಗೆ ಮಾಹಿತಿ ತುಂಬುವ ಜಾಗಕ್ಕೆ, ಹೋಗಲಿ. ಇವತ್ತು ಇಎನ್ 8 ಉಕ್ಕು ಅಂತ ಹೆಸರಿನಲ್ಲಿ ಬರೆದು ನಾಳೆ ಇಎನ್ 31 ಮಾಡಿ ಅಂದರೆ ಹೆಸರು ಸುಳ್ಳಾಗುತ್ತದೆ. ರಿವಿಷನ್ (ಎಷ್ಟನೇ ತಿದ್ದುಪಡಿ ಅನ್ನುವ ಗುರುತು) ಅಂತೂ ಬೇಡವೇ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ಪಾರ್ಟಿನ ಹೆಸರಿನಲ್ಲಿ ರಿವಿಷನ್ ಇದ್ದರೆ ಒಂದು ತೂತು ಬದಲಿಸಿದಾಗಲೆಲ್ಲ ಫೈಲಿನ ಹೆಸರು ಬದಲಾಗಬೇಕು, ಅದನ್ನು ಬಳಸುವ ಅಸೆಂಬ್ಲಿ, ಡ್ರಾಯಿಂಗ್ ಎಲ್ಲದರ ವಿಳಾಸವೂ ಬದಲಾಗಬೇಕು. ಶಾಪಿಗೆ ಕಳಿಸುವ ಪಿಡಿಎಫ್, ಡಿಎಕ್ಸ್‌ಎಫ್, ಸ್ಟೆಪ್ ಫೈಲುಗಳ ಹೆಸರಿನಲ್ಲಿ ಮಾತ್ರ ರಿವಿಷನ್ ಇರಲಿ. ಅವುಗಳಿಗೆ ಬೇರೆ ಯಾವ ಫೈಲೂ ಕೊಂಡಿ ಹಾಕಿಕೊಂಡಿರುವುದಿಲ್ಲ, ಕೈಗೆ ಬಂದವರಿಗೆ ಯಾವ ರಿವಿಷನ್ ಅಂತಲೂ ಗೊತ್ತಾಗಬೇಕು. ರಿವಿಷನ್ ಅಕ್ಷರಗಳಲ್ಲಿ ಐ, ಓ, ಕ್ಯೂ, ಎಸ್, ಎಕ್ಸ್, ಝೆಡ್ ಬಿಡಬೇಕು ಅಂತ ಅಮೆರಿಕದ ಎಎಸ್‌ಎಂಇ ವೈ14.35 ಮಾನದಂಡ ಹೇಳುತ್ತದೆ. ಎಣ್ಣೆ ಕೈ ತಾಗಿದ ಡ್ರಾಯಿಂಗಿನಲ್ಲಿ ಓ ಯಾವುದು, ಸೊನ್ನೆ ಯಾವುದು ಅಂತ ಹುಡುಕಿದವರಿಗೆ ಈ ನಿಯಮದ ಬೆಲೆ ಗೊತ್ತು.

ಈಗ ಹೆಸರು ಬದಲಿಸುವ ದಾರಿಗಳು. ನಮ್ಮಲ್ಲಿರುವುದು 2018ರ ಆವೃತ್ತಿ, ಅದರ ಮಾತನ್ನೇ ಹೇಳುತ್ತೇನೆ.

ಒಂದೆರಡು ಪಾರ್ಟಿನ ಹೆಸರು ಬದಲಿಸಬೇಕಿದ್ದರೆ ಎಲ್ಲಕ್ಕಿಂತ ಒಳ್ಳೆಯ ದಾರಿ ಅಸೆಂಬ್ಲಿಯ ಟ್ರೀಯಲ್ಲೇ (ಪರದೆಯ ಪಕ್ಕದಲ್ಲಿ ಕಾಣುವ ಪಾರ್ಟುಗಳ ಪಟ್ಟಿ) ಬದಲಿಸುವುದು. 2016ರ ಆವೃತ್ತಿಯಿಂದ ಈ ಸೌಲಭ್ಯ ಇದೆ. ಸಿಸ್ಟಮ್ ಆಪ್ಷನ್ಸ್‌ನ ಫೀಚರ್‌ಮ್ಯಾನೇಜರ್ ಪುಟದಲ್ಲಿ ಕಾಂಪೊನೆಂಟ್ ಫೈಲುಗಳನ್ನು ಟ್ರೀಯಿಂದ ರೀನೇಮ್ ಮಾಡಲು ಬಿಡುವ ಒಂದು ಟಿಕ್ ಇದೆ. ಅದನ್ನು ಹಾಕಿಕೊಳ್ಳಿ. ಆಮೇಲೆ ಪಾರ್ಟಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಹೊಸ ಹೆಸರು ಕೊಟ್ಟರೆ ಮೊದಲು ತಾತ್ಕಾಲಿಕವಾಗಿ ಬದಲಾಗುತ್ತದೆ, ಸೇವ್ ಮಾಡಿದಾಗ ಡಿಸ್ಕಿನ ಫೈಲೂ ಬದಲಾಗುತ್ತದೆ. ಆ ಹೊತ್ತಿಗೆ, ಈ ಪಾರ್ಟನ್ನು ಬಳಸುವ ಬೇರೆ ಫೈಲುಗಳಲ್ಲೂ ವಿಳಾಸ ತಿದ್ದಲೇ ಅಂತ ಕೇಳುತ್ತದೆ. ಹೂಂ ಅನ್ನಬೇಕು. ಇದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಟ್ರೀಯಲ್ಲಿ ಹೆಸರು ಬದಲಿಸಿದರೆ ಕಾಣುವ ಹೆಸರಷ್ಟೇ ಬದಲಾಗುತ್ತಿತ್ತು, ಫೈಲಿನದಲ್ಲ. ಪರದೆ ಮೇಲೆ ಒಂದು, ಫೋಲ್ಡರಿನಲ್ಲಿ ಇನ್ನೊಂದು. ಅಂಥ ಕಾಲದ ಅಸೆಂಬ್ಲಿಗಳು ಇನ್ನೂ ಎಷ್ಟೋ ಕಡೆ ಇವೆ. ಹಳೆಯ ಜಾಬ್ ತೆರೆದಾಗ ಟ್ರೀಯ ಹೆಸರನ್ನು ನಂಬದೆ ಫೈಲಿನ ನಿಜವಾದ ಹೆಸರು ನೋಡಿ.

ಎರಡನೆಯದು ವಿಂಡೋಸ್ ಫೋಲ್ಡರಿನಲ್ಲೇ ಬಲಗಡೆ ಕ್ಲಿಕ್ ಮಾಡಿದಾಗ ಬರುವ ಸಾಲಿಡ್‌ವರ್ಕ್ಸ್ ಮೆನು. ಅಲ್ಲಿರುವ ರೀನೇಮ್ ಬೇರೆ, ವಿಂಡೋಸಿನ ರೀನೇಮ್ ಬೇರೆ. ಈ ಪಾರ್ಟ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿ ತೋರಿಸಿ, ಆಮೇಲೆ ಬದಲಿಸುತ್ತದೆ. ಅಸೆಂಬ್ಲಿ ತೆರೆಯಲು ಹತ್ತು ನಿಮಿಷ ಹಿಡಿಯುವಂಥ ದೊಡ್ಡ ಜಾಬಿಗೆ ಇದು ಅನುಕೂಲ. ಸೇವ್ ಆಸ್ ಕೂಡ ಇದೆ. ಆದರೆ ಅದರಲ್ಲಿ ಮೂರು ಆಯ್ಕೆ ಬರುತ್ತದೆ, ಅಸೆಂಬ್ಲಿ ತೆರೆದಿದೆಯೋ ಇಲ್ಲವೋ ಅನ್ನುವುದರ ಮೇಲೆ ಫಲಿತಾಂಶ ಬೇರೆಯಾಗುತ್ತದೆ. ತೆರೆದಿದ್ದರೆ ಅಸೆಂಬ್ಲಿಯ ವಿಳಾಸ ಹೊಸ ಫೈಲಿಗೆ ತಿರುಗುತ್ತದೆ. ಕಾಪಿ ಅಂತ ಆರಿಸಿದರೆ ತಿರುಗುವುದಿಲ್ಲ. ಎಚ್ಚರಿಕೆಯ ಡಬ್ಬಿಯಲ್ಲಿ ಇದನ್ನೆಲ್ಲ ಸರಿಯಾಗಿಯೇ ಬರೆದಿದ್ದಾರೆ, ಓದಬೇಕು ಅಷ್ಟೇ.

ನನ್ನ ಕೆಲಸಕ್ಕೆ ಅನ್ನ ಹಾಕುವುದು ಮಾತ್ರ ಪ್ಯಾಕ್ ಅಂಡ್ ಗೋ. ಹೆಸರು ನೋಡಿದರೆ ಫೈಲುಗಳನ್ನು ಜಿಪ್ ಮಾಡಿ ಕಳಿಸುವುದಕ್ಕೆ ಅನ್ನಿಸುತ್ತದೆ. ಅದಕ್ಕೂ ಬಳಸಬಹುದು. ನಾನು ಬಳಸುವುದು ಹಳೆಯ ಜಾಬಿನಿಂದ ಹೊಸ ಜಾಬ್ ಹುಟ್ಟಿಸುವುದಕ್ಕೆ. ಒಂದು ಪಂಪ್ ಬಾಡಿಗೆ ಮಾಡಿದ ಡ್ರಿಲ್ಲಿಂಗ್ ಫಿಕ್ಸ್ಚರ್ ಇದೆ, ಜಾಬ್ 458. ಅದೇ ಗಿರಾಕಿ ದೊಡ್ಡ ಫ್ಲೇಂಜಿನ ಇನ್ನೊಂದು ಪಂಪ್ ತಂದರು, ಜಾಬ್ 471. 458ರ ಮುಖ್ಯ ಅಸೆಂಬ್ಲಿ ತೆರೆದು ಫೈಲ್ ಮೆನುವಿನಿಂದ ಪ್ಯಾಕ್ ಅಂಡ್ ಗೋ ಒತ್ತಿದರೆ ಎಲ್ಲ ಪಾರ್ಟುಗಳ ಪಟ್ಟಿ ಬರುತ್ತದೆ. ಡ್ರಾಯಿಂಗ್ ಸೇರಿಸಿ ಅನ್ನುವುದಕ್ಕೆ ಟಿಕ್ ಹಾಕಿದರೆ ಡ್ರಾಯಿಂಗುಗಳೂ ಬಂದು ಸೇರುತ್ತವೆ. ಬೇರೆ ಫೋಲ್ಡರಿನಲ್ಲಿ ಇಟ್ಟಿರುವ ಡ್ರಾಯಿಂಗ್ ಸಿಗದೇ ಹೋಗಬಹುದು, ಆದ್ದರಿಂದ ನಾವು ಪಾರ್ಟಿನ ಪಕ್ಕದಲ್ಲೇ ಇಡುತ್ತೇವೆ. ಈಗ ಸೆಲೆಕ್ಟ್ ರಿಪ್ಲೇಸ್ ಒತ್ತಿ ಎಫ್458 ಇರುವ ಕಡೆ ಎಫ್471 ಅಂತ ಕೊಡಿ. ಪಟ್ಟಿಯ ಹೆಸರುಗಳೆಲ್ಲ ಕಣ್ಣೆದುರೇ ಬದಲಾಗುತ್ತವೆ. ಹೊಸ ಫೋಲ್ಡರ್ ಆರಿಸಿ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕು ಅಂತ ಟಿಕ್ ಕೊಟ್ಟು ಸೇವ್ ಮಾಡಿದರೆ ಆಯಿತು. ಹೊಸ ಅಸೆಂಬ್ಲಿ ಹೊಸ ಪಾರ್ಟುಗಳನ್ನೇ ಹಿಡಿದಿರುತ್ತದೆ, ಹೊಸ ಡ್ರಾಯಿಂಗ್ ಹೊಸ ಪಾರ್ಟನ್ನೇ ತೋರಿಸುತ್ತದೆ. ಅಸೆಂಬ್ಲಿಯೊಳಗೆ ಒಂದು ಪಾರ್ಟಿನ ಅಂಚು ಹಿಡಿದು ಇನ್ನೊಂದರಲ್ಲಿ ತೂತು ಹಾಕಿದ್ದರೆ ಆ ಸಂಬಂಧವೂ ಉಳಿಯುತ್ತದೆ. 458ರ ಒಂದು ಫೈಲನ್ನೂ ಅದು ಮುಟ್ಟಿರುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಸೌಲಭ್ಯ ಈ ಸಾಫ್ಟ್‌ವೇರಿನಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಸೆಲೆಕ್ಟ್ ರಿಪ್ಲೇಸ್‌ನಲ್ಲಿ ಬರೀ 458 ಅಂತ ಕೊಡಬೇಡಿ, ಎಫ್ ಸೇರಿಸಿ ಕೊಡಿ. ಕೊಂಡು ತಂದ ಯಾವುದಾದರೂ ಸಿಲಿಂಡರಿನ ಕ್ಯಾಟಲಾಗ್ ನಂಬರಿನಲ್ಲಿ 458 ಇದ್ದರೆ ಅದೂ ಬದಲಾಗಿಬಿಡುತ್ತದೆ. ನಮ್ಮ ನಂಬರಿಗೆ ಮುಂದೆ ಒಂದು ಅಕ್ಷರ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ಟೂಲ್‌ಬಾಕ್ಸ್‌ನ ಸಿದ್ಧ ಬೋಲ್ಟು ಸ್ಕ್ರೂಗಳಿಗೆ ಬೇರೆ ಟಿಕ್ ಇದೆ. ಆಫೀಸಿನೊಳಗೆ ಕಾಪಿ ಮಾಡುವಾಗ ಬೇಡ. ಹೊರಗೆ ಕಳಿಸುವಾಗ ಸೇರಿಸಿ ಕಳಿಸಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಬೇರೆ ಫೈಲ್ ಸಿಕ್ಕಿ, ಎಂ6 ಸ್ಕ್ರೂ ಇರುವ ಜಾಗದಲ್ಲಿ ಭಾರಿ ಗಾತ್ರದ ಸ್ಕ್ರೂ ನಿಂತಿರುತ್ತದೆ. ಈ ದೊಡ್ಡ ಸ್ಕ್ರೂ ಸಮಸ್ಯೆ ಸಾಲಿಡ್‌ವರ್ಕ್ಸ್ ಬಳಸುವವರಿಗೆಲ್ಲ ಪರಿಚಯ ಇರುತ್ತದೆ.

ಇನ್ನು ಕೊರತೆಗಳು. ಫೈಲಿನ ಹೆಸರು ಬದಲಾದ ಮಾತ್ರಕ್ಕೆ ಕಾಗದದ ಮೇಲಿನ ನಂಬರ್ ಬದಲಾಗುತ್ತದೆ ಅಂತಿಲ್ಲ. ನಾನು ಅತಿ ಹೆಚ್ಚು ಭಯ ಪಡುವುದು ಇದಕ್ಕೇ. ಪಾರ್ಟಿನ ಕಾನ್ಫಿಗರೇಷನ್ ಪ್ರಾಪರ್ಟಿ ತೆರೆದರೆ ಬಿಲ್ ಆಫ್ ಮೆಟೀರಿಯಲ್ಸ್‌ನಲ್ಲಿ (ಬೇಕಾದ ಪಾರ್ಟುಗಳ ಪಟ್ಟಿ) ಯಾವ ನಂಬರ್ ತೋರಿಸಬೇಕು ಅಂತ ಒಂದು ಆಯ್ಕೆ ಇದೆ. ಡಾಕ್ಯುಮೆಂಟ್ ನೇಮ್ ಅಂತಿದ್ದರೆ ಫೈಲಿನ ಹೆಸರು ಬದಲಾದಾಗ ಪಟ್ಟಿಯೂ ಬದಲಾಗುತ್ತದೆ. ಯೂಸರ್ ಸ್ಪೆಸಿಫೈಡ್ ಅಂತಿದ್ದು ಯಾರೋ ಕೈಯಲ್ಲಿ ಎಫ್458-07 ಅಂತ ಟೈಪ್ ಮಾಡಿದ್ದರೆ ಅದು ಹಾಗೇ ಉಳಿಯುತ್ತದೆ. ಡ್ರಾಯಿಂಗಿನ ಮೂಲೆಯಲ್ಲಿರುವ ಟೈಟಲ್ ಬ್ಲಾಕಿನಲ್ಲೂ ಅಷ್ಟೇ. ನಂಬರನ್ನು ಫೈಲ್ ನೇಮ್ ಪ್ರಾಪರ್ಟಿಗೆ ಕೊಂಡಿ ಹಾಕಿದ್ದರೆ ತಾನೇ ಬದಲಾಗುತ್ತದೆ, ಬರೀ ಅಕ್ಷರ ಟೈಪ್ ಮಾಡಿದ್ದರೆ ಇಲ್ಲ. ಆಗ ಏನಾಗುತ್ತದೆ ನೋಡಿ. ಮಾಡೆಲ್ 471ರದು, ಅಳತೆ 471ರದು, ಮೂಲೆಯಲ್ಲಿ ನಂಬರ್ ಮಾತ್ರ ಎಫ್458-07. ಆಪರೇಟರ್ ಅದನ್ನು ನೋಡಿ ಓ5807 ಕರೆಯುತ್ತಾನೆ. ಡ್ರಿಲ್ ಹಳೆಯ ಫ್ಲೇಂಜಿನ ತೂತುಗಳ ಜಾಗಕ್ಕೆ ಹೋಗುತ್ತದೆ. ಗ್ರೈಂಡ್ ಮಾಡಿ ತಂದ ಪ್ಲೇಟ್ ಹಾಳು. ಅವನ ತಪ್ಪು ಏನೂ ಇಲ್ಲ, ಅಲ್ವಾ? ಹಾಗಾಗಿ ಟೆಂಪ್ಲೇಟ್ ಮಾಡುವಾಗಲೇ ಇವೆರಡನ್ನೂ ಕೊಂಡಿ ಹಾಕಿಡಿ. ಆಮೇಲೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ.

ಇನ್ನೊಂದು, ಟ್ರೀಯಲ್ಲಿ ಪಾರ್ಟಿನ ಹೆಸರು ಬದಲಿಸಿದರೆ ಡ್ರಾಯಿಂಗಿನೊಳಗಿನ ವಿಳಾಸ ಸರಿಯಾಗುತ್ತದೆ. ಡ್ರಾಯಿಂಗ್ ಫೈಲಿನ ಹೆಸರನ್ನು ನಮ್ಮ ಆವೃತ್ತಿಯಲ್ಲಿ ನಾವೇ ಬೇರೆಯಾಗಿ ಬದಲಿಸಬೇಕು. ಎರಡಕ್ಕೂ ಒಂದೇ ಹೆಸರು ಇಟ್ಟುಕೊಳ್ಳುವ ನಮ್ಮಂಥವರಿಗೆ ಇದು ಕೈಕೆಲಸ ಜಾಸ್ತಿ. ಅಸೆಂಬ್ಲಿಯೊಳಗೇ ಹುಟ್ಟಿದ ವರ್ಚುವಲ್ ಪಾರ್ಟುಗಳನ್ನೂ ಮರೆಯಬೇಡಿ. ಚೌಕ ಆವರಣದೊಳಗೆ ಪಾರ್ಟ್1^ ಅಂತ ಶುರುವಾಗುವ ಹೆಸರು ಕಂಡರೆ ಅದಕ್ಕೆ ಸ್ವಂತ ಫೈಲೇ ಇಲ್ಲ ಅಂತ ಅರ್ಥ. ಮೊದಲು ಅದನ್ನು ಹೊರಗೆ ಸೇವ್ ಮಾಡಿ, ನಂಬರ್ ಕೊಡಿ.

ಕೊಂಡಿ ತಪ್ಪಿದ ಮೇಲೆ ಸರಿಪಡಿಸುವ ವಿಷಯದಲ್ಲಿ ಸಾಲಿಡ್‌ವರ್ಕ್ಸ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಒಂದು ಸಲ ಡೀಟೇಲಿಂಗ್ (ಡ್ರಾಯಿಂಗ್ ಬಿಡಿಸುವ) ಕೆಲಸವನ್ನು ಹೊರಗೆ ಕೊಟ್ಟಿದ್ದೆವು. ಫೈಲುಗಳು ವಾಪಸ್ ಬಂದಾಗ ನಮ್ಮ ನಂಬರೆಲ್ಲ ಹೋಗಿ ‘ಸೈಡ್ ಪ್ಲೇಟ್ ನ್ಯೂ’, ‘ಲೊಕೇಟರ್ ಫೈನಲ್’ ಅಂತ ಆಗಿತ್ತು. ವಿಂಡೋಸಿನಲ್ಲೇ ಬದಲಿಸಿದ್ದರು. ಅಸೆಂಬ್ಲಿ ತೆರೆದರೆ ಅರ್ಧ ಪಾರ್ಟುಗಳೇ ಇಲ್ಲ. ಓಪನ್ ಕಿಟಕಿಯಲ್ಲಿ ಅಸೆಂಬ್ಲಿಯನ್ನು ಆರಿಸಿ, ತೆರೆಯುವ ಮೊದಲು ರೆಫರೆನ್ಸಸ್ ಬಟನ್ ಒತ್ತಿದರೆ ಯಾವ ಪಾರ್ಟ್ ಯಾವ ವಿಳಾಸದಲ್ಲಿ ಅಂತ ಪಟ್ಟಿ ಬರುತ್ತದೆ. ಅಲ್ಲೇ ಒಂದೊಂದಕ್ಕೂ ಹೊಸ ಫೈಲ್ ತೋರಿಸಬಹುದು. ಹೋಲುವಂಥ ಲೊಕೇಟರುಗಳು ಹಲವು ಇದ್ದವು, ಯಾವುದು ಯಾವುದು ಅಂತ ಹೆಸರಿನಿಂದ ಗೊತ್ತಾಗುತ್ತಿರಲಿಲ್ಲ. ಆಗ ಕೈ ಹಿಡಿದದ್ದು ಫೈಲಿನೊಳಗಿರುವ ಗುರುತು ಸಂಖ್ಯೆ. ಹೆಸರು ಏನೇ ಬದಲಾಗಲಿ, ಪ್ರತಿ ಫೈಲಿನೊಳಗೂ ಒಂದು ಇಂಟರ್ನಲ್ ಐಡಿ ಇರುತ್ತದೆ. ತಪ್ಪು ಫೈಲ್ ತೋರಿಸಿದರೆ ಐಡಿ ಹೊಂದುತ್ತಿಲ್ಲ ಅಂತ ಎಚ್ಚರಿಸುತ್ತದೆ. ಸರಿಯಾದದ್ದು ತೋರಿಸಿದರೆ ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ. ಆ ಎಚ್ಚರಿಕೆಯನ್ನೇ ಹಿಡಿದುಕೊಂಡು ಒಂದೊಂದೇ ಪಾರ್ಟನ್ನು ಅದರ ಜಾಗಕ್ಕೆ ತಂದೆವು. ಈಗ ಹೊರಗೆ ಕೆಲಸ ಕೊಡುವಾಗ ಹೆಸರು ಬದಲಿಸಬಾರದು ಅಂತ ಪರ್ಚೇಸ್ ಆರ್ಡರಿನಲ್ಲೇ ಬರೆಯುತ್ತೇವೆ.

ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹೇಗಿದೆ ಅಂದರೆ, ಆಟೋಡೆಸ್ಕ್ ಇನ್ವೆಂಟರ್‌ನಲ್ಲಿ ಹೆಸರು ಬದಲಿಸಲು ಡಿಸೈನ್ ಅಸಿಸ್ಟೆಂಟ್ ಇದೆ, ಪ್ರಾಜೆಕ್ಟ್ ಫೈಲಿನಲ್ಲಿ ‘ಪ್ರತಿ ಹೆಸರೂ ಒಂದೇ ಸಲ’ ಅನ್ನುವ ಸೆಟ್ಟಿಂಗೂ ಇದೆ. ಫ್ಯೂಷನ್‌ನಲ್ಲಿ ಫೈಲುಗಳು ಕ್ಲೌಡಿನಲ್ಲಿರುತ್ತವೆ, ಕೊಂಡಿಗೆ ಹೆಸರಿನ ಹಂಗಿಲ್ಲ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಫ್ರೀಕ್ಯಾಡ್ ಬಳಸುವ ಗೆಳತಿಯೊಬ್ಬಳಿದ್ದಾಳೆ. ಅದರಲ್ಲಿ ಪ್ರತಿ ವಸ್ತುವಿಗೂ ಬದಲಾಗದ ಒಂದು ಒಳಹೆಸರು, ನಮಗೆ ಬೇಕಾದಂತೆ ಬರೆದುಕೊಳ್ಳುವ ಒಂದು ಲೇಬಲ್. ಲೇಬಲನ್ನು ಕನ್ನಡದಲ್ಲೇ ಬರೆಯುತ್ತಾಳೆ. ಒಂದೇ ಫೈಲಿನೊಳಗೆ ಇದು ಬಹಳ ಚಂದದ ಏರ್ಪಾಡು. ಆದರೆ ಒಂದು ಫೈಲಿನಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ್ದರೆ ಅಲ್ಲೂ ಫೈಲಿನ ವಿಳಾಸವೇ ಗತಿ.

ಸಾಲಿಡ್‌ವರ್ಕ್ಸ್‌ನಲ್ಲೂ ಈ ತಲೆನೋವು ತಗ್ಗಿಸುವ ಪಿಡಿಎಂ (ಫೈಲುಗಳ ಲೆಕ್ಕ ಇಟ್ಟುಕೊಳ್ಳುವ ವ್ಯವಸ್ಥೆ) ಇದೆ. ಪಿಡಿಎಂ ಸ್ಟ್ಯಾಂಡರ್ಡ್ ಅನ್ನುವುದು ಪ್ರೊಫೆಷನಲ್, ಪ್ರೀಮಿಯಂ ಲೈಸೆನ್ಸಿನ ಜೊತೆಗೇ ಬರುತ್ತದೆ. ಅದರಲ್ಲಿ ಫೈಲುಗಳ ಸಂಬಂಧ ಡೇಟಾಬೇಸಿನಲ್ಲಿರುತ್ತದೆ, ಒಂದೇ ಹೆಸರನ್ನು ಎರಡು ಸಲ ಬಿಡದಂತೆ ಕಟ್ಟಿಹಾಕಬಹುದು. ನಮ್ಮದು ಕೆಳಗಿನ ಲೈಸೆನ್ಸ್, ನಂಬರಿನ ರಿಜಿಸ್ಟರ್ ಒಂದು ಎಕ್ಸೆಲ್ ಹಾಳೆ. ಮೂವರು ಕೂತು ಕೆಲಸ ಮಾಡುವ ಜಾಗಕ್ಕೆ ಇಷ್ಟು ಸಾಕು. ಅದಕ್ಕಿಂತ ಜಾಸ್ತಿ ಜನ ಇದ್ದು, ಕೈಯಲ್ಲಿ ಪ್ರೊಫೆಷನಲ್ ಲೈಸೆನ್ಸ್ ಇದ್ದರೆ ಪಿಡಿಎಂ ಹಾಕಿಸಿಕೊಳ್ಳಿ, ಅದಕ್ಕೆ ದುಡ್ಡು ಆಗಲೇ ಕೊಟ್ಟಿದ್ದೀರಿ. ಬರೀ ಹೆಸರು ಬದಲಿಸುವ ಸೌಲಭ್ಯಗಳಿಗೆ ಅಂಕ ಹಾಕು ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು, ಪಾರ್ಟಿನ ಹೆಸರು ಬದಲಿಸಿದ ಕೂಡಲೇ ಡ್ರಾಯಿಂಗಿನ ಹೆಸರನ್ನೂ ಬದಲಿಸಲೇ ಅಂತ ಅದೇ ಡಬ್ಬಿಯಲ್ಲಿ ಕೇಳುವ ಆವೃತ್ತಿ ನಮ್ಮ ಮೇಜಿಗೆ ಬಂದಾಗ.